ಶಿರಿಯ ಅಳಿವೆಯ ಅಳತೆಗಾರ

ಇಪ್ಪತ್ತಾರು ವರ್ಷ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ
ಸತ್ತ ಮೀನುಗಳಿಗೆ ಚೀಟಿ ಅಂಟಿಸಿದವನು ನಾನು.
ಫಾರ್ಮಲಿನ್ ಇಳಿದ ಹಾಗೆ ಬಾಟಲಿ ತುಂಬಿಸುತ್ತ
ಅವುಗಳ ಕಣ್ಣು ಬೆಳ್ಳಗಾಗುವುದನ್ನು ಕಂಡವನು.
ಈ ಸಲ ಪ್ರಿನ್ಸಿಪಾಲರು ಕರೆದು,
"ಕೊಗ್ಗಣ್ಣ, ಅಂತರ ಕಾಲೇಜು ಗಾಳದ ಪಂದ್ಯ ಉಂಟು.
ನಿಯಮ ಇಂಗ್ಲಿಷಿನಲ್ಲಿದೆ, ಮಲಯಾಳದಲ್ಲಿದೆ,
ಕನ್ನಡದಲ್ಲಿ ಬರೆಯುವವರಿಲ್ಲ.
ನೀವೇ ಬರೆಯಿರಿ. ಅಳೆಯುವುದೂ ನೀವೇ."

ಬರೆದೆ.
ಆರು ಗಂಟೆಗೆ ಮೊದಲು ಯಾರ ಗಾಳವೂ ನೀರು ಮುಟ್ಟಕೂಡದು.
ದೋಣಿಗೆ ಇಬ್ಬರು, ಬೇರೆ ಬೇರೆ ಕಾಲೇಜಿನವರು.
ಜೀವವಿರುವ ಎರೆ ಬೇಡ, ಬಣ್ಣದ ಹುಸಿಮೀನು ಸಾಕು.
ಯಾವ ಕಾಂಡ್ಲದ ಬುಡದಲ್ಲಿ ಮೀನಿದೆಯೆಂದು
ದಡದವರು ಫೋನಿನಲ್ಲಿ ಹೇಳುವಂತಿಲ್ಲ.
ಮೀನು ಹಿಡಿಯುವ ಕೈ ಒದ್ದೆಯಿರಬೇಕು,
ಒಣ ಕೈ ಅದರ ಲೋಳೆ ಕೀಳುತ್ತದೆ.
ಸಿಕ್ಕಿದವರು ಕೆಂಪು ಬಟ್ಟೆ ಎತ್ತಿ ಕಾಯಬೇಕು.
ಅಳತೆಗಾರ ಹಲಗೆಯ ಮೇಲೆ, ಬಾಯಿ ಮುಚ್ಚಿಸಿ, ಅಳೆದದ್ದೇ ಅಳತೆ.
ಜೀವಂತ ನೀರಿಗೆ ಮರಳದ ಮೀನು ಲೆಕ್ಕಕ್ಕಿಲ್ಲ.

ಒಂದು ಶಬ್ದ ಮಾತ್ರ ಕನ್ನಡಕ್ಕೆ ಬರಲೊಲ್ಲದು:
ಸ್ಪೋರ್ಟ್ಸ್‌ಮನ್‌ಶಿಪ್.
ಕ್ರೀಡಾಮನೋಭಾವ ಎಂದು ಬರೆದೆ,
ಬಹುಮಾನ ವಿತರಣೆಯ ಭಾಷಣದ ವಾಸನೆ ಬಂತು, ಹೊಡೆದು ಹಾಕಿದೆ.
ದೋಣಿಯ ಮೊಯ್ದೀನಿಚ್ಚನನ್ನು ಕೇಳಿದರೆ
ಬೀಡಿಯ ತುದಿ ಕಚ್ಚಿ ನಕ್ಕ:
"ಸತ್ತ ಮೀನಿಗಲ್ಲವಾ ಮಾರಾಯ ಇಷ್ಟು ದಿನ ನನಗೆ ದುಡ್ಡು ಸಿಕ್ಕಿದ್ದು?
ನಿಮ್ಮಲ್ಲಿ ಬದುಕಿದ್ದಕ್ಕೆ ಮಾರ್ಕು!"
ಆ ಜಾಗ ಖಾಲಿ ಬಿಟ್ಟೆ.

ಭಾನುವಾರ ಹನ್ನೊಂದರವರೆಗೆ ಮೂವತ್ತೆರಡು ಮೀನು ಅಳೆದೆ.
ಕೈಯಲ್ಲಿ ಒದೆಯುವ ಮೀನಿನ ಅಭ್ಯಾಸ ನನಗಿಲ್ಲ.
ಮೊದಲನೆಯ ಕೆಂಬೇರಿ ಕೆನ್ನೆಗೆ ಬಾಲದಲ್ಲಿ ಬಾರಿಸಿ
ತಾನೇ ನೀರಿಗೆ ಹಾರಿತು.
ಹುಡುಗರು ಕೇಕೆ ಹಾಕಿದರು. ನಾನೂ ನಕ್ಕೆ.

ಇಳಿತ ಶುರುವಾಗಿತ್ತು.
ಕಾಂಡ್ಲದ ಆಚೆ ಬದಿ ಕೆಂಪು ಬಟ್ಟೆ ಎದ್ದಿತು,
ರಾಹಿಲಾಳದ್ದು.
ನಮ್ಮ ದೋಣಿಯ ತಳ ಕೆಸರು ಕಚ್ಚಿ ಕೂತಿತ್ತು.
ಮೊಯ್ದೀನಿಚ್ಚ ಸೊಂಟದವರೆಗೆ ಇಳಿದು ನೂಕಿದ,
ನಾನು ಹುಟ್ಟು ಊರಿದೆ, ಬೈದೆ, ಮತ್ತೆ ಊರಿದೆ.
ಅಲ್ಲಿ ಅವಳು ದೋಣಿಯಂಚಿಗೆ ಬಾಗಿ
ಮೀನನ್ನು ನೀರಲ್ಲೇ ಹಿಡಿದುಕೊಂಡಿದ್ದಳು,
ಕಿವಿರಿಗೆ ನೀರು ನುಗ್ಗುವ ಹಾಗೆ ಹಿಂದೆ ಮುಂದೆ ಆಡಿಸುತ್ತ.
ಕಾಳಾಂಜಿ. ಇಲ್ಲಿಂದಲೇ ಬೆನ್ನು ಹೊಳೆಯಿತು.

ಹತ್ತು ಹುಟ್ಟಿನ ದೂರದಲ್ಲಿದ್ದೆವು.
ಅವಳು ಕತ್ತರಿ ತೆಗೆದಳು,
ಬಾಯೊಳಗೆ ಕೈ ಹಾಕಿ ದಾರ ತುಂಡರಿಸಿದಳು,
ಕೈ ಬಿಟ್ಟಳು.

"ಗಾಳ ನುಂಗಿತ್ತು ಸರ್. ರಕ್ತ ಬರುತ್ತಿತ್ತು."
ಅಷ್ಟೇ ಹೇಳಿ ಕೈ ತೊಳೆದಳು.
ಜೊತೆಗಿದ್ದ ದಿವಿನ್, ಎದುರಾಳಿ ಕಾಲೇಜಿನವ, ಎದ್ದು ನಿಂತ.
ದೋಣಿ ವಾಲಿತು.
"ನಾನು ನೋಡಿದ್ದೇನೆ. ಹುಟ್ಟಿನ ಅರ್ಧಕ್ಕಿಂತ ಉದ್ದ.
ಇವತ್ತಿನದರಲ್ಲಿ ಅದೇ ದೊಡ್ಡದು. ಬರೆದುಕೊಳ್ಳಿ!"
"ನಿನಗೇ ನಷ್ಟ" ಎಂದೆ.
"ಗೊತ್ತು ಸರ್, ಬರೆದುಕೊಳ್ಳಿ."

ನಿಯಮ ನನ್ನದೇ ಅಕ್ಷರದಲ್ಲಿತ್ತು.
ಅಳೆಯದ ಮೀನಿನ ಮುಂದೆ ಅಡ್ಡಗೆರೆ.
ಎಳೆದೆ. ಪೆನ್ನು ಒದ್ದೆಯಾಗಿ ಗೆರೆ ಸ್ವಲ್ಪ ಹರಡಿತು.
ಕಪ್ಪು ಯಾರಿಗೋ ಹೋಯಿತು,
ಕಾಞಂಗಾಡಿನ ಕಡೆಯವರಿಗೆ, ನಲವತ್ತೇಳು ಸೆಂಟಿಮೀಟರಿಗೆ.
ಮೊಯ್ದೀನಿಚ್ಚ ಅಳತೆಯ ಹಲಗೆ ತಿರುಗಿಸಿ ನೋಡಿ,
"ಒಳ್ಳೆ ಮರ, ಮೀನು ಕತ್ತರಿಸಲಿಕ್ಕೆ ಕೊಡ್ತೀರಾ?" ಅಂದ.

ಕುಂಬಳೆಯ ಬಸ್ಸಿನಲ್ಲಿ ಕೈ ಮೂಸಿದೆ.
ಫಾರ್ಮಲಿನ್ ಇರಲಿಲ್ಲ.
ಬಾಗಿಲಲ್ಲೇ ಸುಗಂಧಿ ಚೀಲ ನೋಡಿದಳು, ನನ್ನನ್ನು ನೋಡಿದಳು.
"ಮೂವತ್ತೆರಡು ಅಳೆದವರು ಒಂದನ್ನೂ ತರಲಿಲ್ಲವಾ?"
"ಮೂವತ್ತಮೂರು" ಎಂದೆ.
ಒಳಗೆ ಒರಳಿನ ಪಕ್ಕ
ಮಸಾಲೆ ಅರೆದಿಟ್ಟಿದ್ದಳು.